ಜೀಪಿಗೆ ಪಟ್ಟಿ ಆರಿಸಿದ್ದು

ನಮ್ಮ ಮನೆಯಲ್ಲಿ ಮುಖದ ಮೇಲೆ ಏನನ್ನೂ ತೋರಿಸುವ ರೂಢಿ ಇರಲಿಲ್ಲ. ಆದೋನಿಯ ಹತ್ತಿ ವ್ಯಾಪಾರದವರು ನಾವು. ದರವನ್ನು ಬಾಯಲ್ಲಿ ಆಡುತ್ತಿರಲಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ಕೈಮೇಲೆ ಹೊದಿಸಿ, ಅದರ ಕೆಳಗೆ ರೈತನ ಬೆರಳು ಹಿಡಿದು ಕುದುರಿಸುತ್ತಿದ್ದೆವು. ಸುತ್ತ ನಿಂತ ಬೇರೆ ವ್ಯಾಪಾರಿಗಳು ಮುಖ ನೋಡಿ ದರ ಊಹಿಸಬಾರದು. ಈ ವಿದ್ಯೆಯನ್ನು ಅಪ್ಪ ನನಗೆ ಎಷ್ಟು ಚೆನ್ನಾಗಿ ಕಲಿಸಿದ್ದನೆಂದರೆ, ನನ್ನ ಮದುವೆಯ ಫೋಟೋದಲ್ಲಿ ನಾನು ಯಾರದೋ ಮಣ್ಣಿಗೆ ಬಂದವನ ಹಾಗೆ ನಿಂತಿದ್ದೇನೆ.

ಐವತ್ತರ ದಶಕದ ಶುರುವಿನ ಒಂದು ಮಳೆಗಾಲದಲ್ಲಿ, ಪೆದ್ದಹರಿವಾಣದ ದಾರಿಯಲ್ಲಿ ಎತ್ತಿನ ಬಂಡಿ ಮಗುಚಿ ಅಪ್ಪನ ಬೆನ್ನಿಗೆ ಪೆಟ್ಟಾಯಿತು. ಬಳ್ಳಾರಿಯ ಡಾಕ್ಟರು ತಿಂಗಳುಗಟ್ಟಲೆ ಮಲಗಿಸಿದರು. ಅಪ್ಪ ಕೋಲು ಹಿಡಿದು ಎದ್ದು ನಿಂತ ಮೇಲೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಎರಡು ಮಾತು ಹೇಳಿದರು. ಇನ್ನು ಮೇಲೆ ನಡಕ್ಕೆ ಏಟು ಬೀಳಬಾರದು, ಬಿದ್ದರೆ ಎರಡೂ ಕಾಲು ಹೋಗುತ್ತವೆ. ಕಾಲಿನಲ್ಲಿ ಜೋಮು ಹೆಚ್ಚಾದರೆ ಕೂಡಲೇ ಕರೆತರಬೇಕು. ನಾನು ಆಗಾಗ ಕೇಳುತ್ತಿದ್ದೆ. "ಎಲ್ಲಿ ಜೋಮು? ಅದು ಎಂದೋ ಹೋತು" ಎಂದು ಅಪ್ಪ ಅನ್ನುತ್ತಿದ್ದ. ಅವನ ಮುಖ ನೋಡಿ ಏನನ್ನಾದರೂ ತಿಳಿಯುವುದು ಸಾಧ್ಯವೇ ಇರಲಿಲ್ಲ, ಹಾಗಾಗಿ ನಂಬಿದೆ.

ಬಂಡಿಯಲ್ಲಿ ಕೂರುವ ಹಾಗಿಲ್ಲ, ಅಂಗಡಿಯಲ್ಲಿ ಕೂತಿರಲು ಅಪ್ಪನಿಗೆ ಆಗುವುದಿಲ್ಲ. ಹೊಲದ ದಂಡೆಗೆ ಹೋಗಿ, ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿ ಹತ್ತಿ ನೋಡಿದರೇ ಅವನಿಗೆ ಅನ್ನ ಇಳಿಯುತ್ತಿದ್ದುದು. ಗಾದಿಯ ಮೇಲೆ ಕೂತು ಹೋಗಿಬರುವವರ ಕಾಲು ನೋಡುತ್ತಾ ದಿನೇದಿನೇ ಸಣ್ಣಗಾದ. ಊಟದ ಮುಂದೆ ಕೂತು ಎದ್ದು ಹೋಗುತ್ತಿದ್ದ. ಅವ್ವ ಒಂದು ದಿನ ನನಗೆ, "ಏನರ ಮಾಡಪಾ, ಹಿಂಗ ಕುಂತ್ರ ಇವರು ಉಳಿಯಂಗಿಲ್ಲ" ಅಂದಳು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದ ಜೀಪೊಂದು ಬಳ್ಳಾರಿಯಲ್ಲಿ ಯಾರ್ಯಾರದೋ ಕೈ ದಾಟಿ ನಮ್ಮ ಮನೆ ಮುಂದೆ ಬಂದು ನಿಂತದ್ದು ಹಾಗೆ.

ಜೀಪು ಬಂತು, ಆದರೆ ಊರ ಹೊರಗಿನ ಎರೆ ನೆಲ ಅದನ್ನು ಬಿಟ್ಟುಕೊಳ್ಳಲಿಲ್ಲ. ಮಳೆಯಲ್ಲಿ ಬಂಡಿ ಗಾಲಿ ಕೊರೆದ ಜಾಡು ಬೇಸಿಗೆಯ ಹೊತ್ತಿಗೆ ಒಣಗಿ ಇಟ್ಟಿಗೆಯಾಗಿರುತ್ತದೆ. ಎರಡು ಜಾಡಿನ ನಡುವೆ ಉದ್ದಕ್ಕೂ ದಿಬ್ಬ. ಎತ್ತರದ ಗಾಲಿಯ ಬಂಡಿಗೆ ಅದು ಲೆಕ್ಕಕ್ಕಿಲ್ಲ. ಜೀಪಿನ ಹೊಟ್ಟೆ ಮಾತ್ರ ದಿಬ್ಬಕ್ಕೆ ಉಜ್ಜಿ ನಿಂತುಬಿಡುತ್ತಿತ್ತು. "ಸಾವುಕಾರಿಕಿ ಬಂದೈತಿ ಇದಕ್ಕ, ಹೊಟ್ಟಿ ಎತ್ತಿ ನಡಿಯಾಕ ಬರವೊಲ್ದು" ಎಂದು ಅಪ್ಪ ಬೈದ. ಬಹಳ ದಿನಗಳ ಮೇಲೆ ಅವನು ಆಡಿದ ತಮಾಷೆ ಅದು.

ಸ್ಟೇಷನ್ ರಸ್ತೆಯ ಮೇಸ್ತ್ರಿ ಜೀಪಿನ ಕೆಳಗೆ ತೂರಿ ಹೊರಬಂದು ಹೇಳಿದ: "ಕಮಾನು ಪಟ್ಟಿ ಬದಲಿ ಮಾಡಬೇಕ್ರಿ ಸಾವ್ಕಾರ್ರೆ. ಗಾಡಿ ಮ್ಯಾಲೆ ಎತ್ತಬೇಕು. ಎರಡು ನಮೂನಿ ಅದಾವ." ಒಂದು, ಗಾಲಿಗಳ ಮೇಲೆ ಗಾಡಿಯನ್ನು ಹೊರುವ ಜೀಪಿನ ಹಳೆಯ ಸ್ಪ್ರಿಂಗ್ ಪಟ್ಟಿಗಳನ್ನೇ ಕುಲುಮೆಯಲ್ಲಿ ಕಾಯಿಸಿ ಬಾಗು ಹೆಚ್ಚಿಸಿ, ಇನ್ನೊಂದು ಪಟ್ಟಿ ಸೇರಿಸಿದ್ದು. ಮೆತ್ತಗಿರುತ್ತದೆ, ಆದರೆ ಗಾಡಿ ಸ್ವಲ್ಪವೇ ಏಳುತ್ತದೆ, ಆಳದ ಜಾಡಿರುವ ಊರುಗಳ ಆಸೆ ಬಿಡಬೇಕು. ಇನ್ನೊಂದು, ಮುರಿದ ಲಾರಿಯ ದಪ್ಪ ಪಟ್ಟಿ ಕತ್ತರಿಸಿ ಕೂರಿಸಿದ್ದು. ಗಾಡಿ ಕುದುರೆಯ ಹಾಗೆ ಎದ್ದು ನಿಲ್ಲುತ್ತದೆ, ದೇವನಕೊಂಡದವರೆಗೆ ಎಲ್ಲಿಗೆ ಬೇಕಾದರೂ ಹೋಗುತ್ತದೆ. "ಖರೇ ಅಂದ್ರ ನಡ ಗಟ್ಟಿ ಇರಬೇಕ್ರಿ" ಎಂದು ಮೇಸ್ತ್ರಿ ನಕ್ಕ. ಅತ್ತ ದರಿ, ಇತ್ತ ಪುಲಿ.

ನಾನು ಮೆತ್ತನೆಯದೇ ಸಾಕು ಅಂದೆ. ಅಪ್ಪ ಒಪ್ಪಲಿಲ್ಲ. ಕೈಯಲ್ಲಿ ಹಿಡಿಯದೆ ಹತ್ತಿ ಕೊಂಡವನಲ್ಲ ಅವನು. "ಎರಡೂ ಹಾಕಿ ನೋಡೋಣು. ಕುಂತು ನೋಡಾಂವ ನಾನು" ಅಂದ. ಅವ್ವ ಸೀಟಿನ ಮೇಲೆ ಕೌದಿ ಮಡಚಿ ಹಾಕಲು ಬಂದರೆ ಅದನ್ನೂ ತೆಗೆಸಿದ: "ಕೌದಿ ಮ್ಯಾಲೆ ಕುಂತು ಪಟ್ಟಿ ನೋಡಾದು ಅಂದ್ರ, ಕೈಗೆ ಬಟ್ಟಿ ಸುತ್ಗೊಂಡು ಹತ್ತಿ ನೋಡಿದಂಗ."

ಮೊದಲು ಮೆತ್ತನೆಯ ಪಟ್ಟಿ ಹಾಕಿಸಿ ಪೆದ್ದಹರಿವಾಣದ ದಾರಿ ಹಿಡಿದೆವು. ಮೇಸ್ತ್ರಿ ಓಡಿಸುತ್ತಿದ್ದ, ಅಪ್ಪ ಅವನ ಪಕ್ಕದಲ್ಲಿ, ನಾನು ಹಿಂದೆ. ತೂಗಿಕೊಂಡು ಹೋಯಿತು. ಕೆಲವು ಕಡೆ ಹೊಟ್ಟೆ ಉಜ್ಜಿತು. "ನಡಕ್ಕ ಏನೂ ಆಗಲಿಲ್ಲ. ಆದ್ರ ಉಜ್ಜತೈತಿ" ಅಂದ ಅಪ್ಪ.

ಒಂದೆರಡು ದಿನ ಬಿಟ್ಟು ಲಾರಿ ಪಟ್ಟಿ ಹಾಕಿಸಿ ಅದೇ ದಾರಿಗೆ ಹೊರಟೆವು. ಹೊಟ್ಟೆ ಎಲ್ಲಿಯೂ ತಾಗಲಿಲ್ಲ. ಆದರೆ ಪ್ರತಿ ಹೆಂಟೆಗೂ ಗಾಡಿ ನೆಗೆಯಿತು. ನನ್ನ ಹಲ್ಲಿಗೆ ಹಲ್ಲು ಬಡಿಯಿತು. ಮೇಸ್ತ್ರಿ ಎರಡು ಸಲ "ಯಾ ಅಲ್ಲಾ" ಅಂದ. ಅಪ್ಪ ಮುಂದಿನ ಕಂಬಿ ಹಿಡಿದು ಹೊಲ ನೋಡುತ್ತಾ ಕೂತಿದ್ದ. ಊರು ಮುಟ್ಟಿದಾಗ ಹೆಬ್ಬಾಗಿಲ ಅಗಸಿಯಲ್ಲಿದ್ದ ರೈತರು "ದಿಗಂಡಿ ಸಾವುಕಾರು, ದಿಗಂಡಿ" ಎಂದು ಇಳಿಯಲು ಕರೆದರು. ಇನ್ನೊಮ್ಮೆ ಬರುತ್ತೇನೆಂದು ಅಪ್ಪ ಕೂತಲ್ಲಿಂದಲೇ ಕೈಮುಗಿದ. ಜೀಪು ತಿರುಗಿತು. "ಇದೂ ಅಷ್ಟ ಮೆತ್ತಗೈತಿ. ಉಜ್ಜಾದೂ ಇಲ್ಲ. ಇದನ್ನ ಇಟ್ಟುಬಿಡು" ಎಂದು ಮೇಸ್ತ್ರಿಗೆ ಹೇಳಿದ. ಮೇಸ್ತ್ರಿ ಕನ್ನಡಿಯಲ್ಲಿ ನನ್ನನ್ನು ನೋಡಿದ. ಅಪ್ಪನದು ಹಟ ಅಂದುಕೊಂಡೆ ನಾನು.

ಬರುವಾಗ ದಾರಿಯ ನಡುವೆ, ದಿಬ್ಬದ ಮೇಲೆ, ಒಂದು ಚಪ್ಪಲಿ ಬಿದ್ದಿತ್ತು.

"ಯಾರ್ದೋ ಚಪ್ಪಲಿ ಬಿದ್ದೈತಿ ನೋಡು ಪಾಪ" ಅಂದ ಅಪ್ಪ.

ನಾನು ಬಗ್ಗಿ ನೋಡಿದೆ. ಅಪ್ಪನ ಬಲಗಾಲು ಬರಿದಾಗಿತ್ತು. ಜೀಪಿನ ಕಾದ ತಗಡಿನ ಮೇಲೆ ಬರಿಗಾಲು ಊರಿಕೊಂಡು ಕೂತಿದ್ದ. ಹೋಗುವಾಗಲೇ ಎಲ್ಲಿಯೋ ನೆಗೆದಾಗ ಬಿದ್ದಿರಬೇಕು. ಅಷ್ಟು ಹೊತ್ತು ಅವನಿಗೆ ಗೊತ್ತೇ ಆಗಿರಲಿಲ್ಲ.

ಮೇಸ್ತ್ರಿ ಗಾಡಿ ನಿಲ್ಲಿಸಿದ. ನಾನು ಇಳಿದು ಚಪ್ಪಲಿ ತಂದು ಅವನ ಕಾಲ ಹತ್ತಿರ ಇಟ್ಟೆ. ಅಪ್ಪ ಚಪ್ಪಲಿ ನೋಡಿದ, ಕಾಲು ನೋಡಿದ. ಬಗ್ಗಿ, ಅಂಗಾಲನ್ನು ಕೈಯಿಂದ ಮುಟ್ಟಿ ನೋಡಿದ. ಅಲ್ಲಿ ಬೊಬ್ಬೆ ಎದ್ದಿತ್ತು. ನನಗೆ ಹೆದರಿಕೆಯಾಗಬೇಕಿತ್ತು, ದುಃಖವಾಗಬೇಕಿತ್ತು. ಎರಡೂ ಆಗಲಿಲ್ಲ. ತಲೆಯೊಳಗೆ ಹತ್ತಿ ತುರುಕಿದ ಹಾಗೆ ಇತ್ತು. ದೂರದಲ್ಲಿ ಯಾರೋ ಎತ್ತಿಗೆ ಕೂಗುತ್ತಿದ್ದರು, ಅದನ್ನು ಕೇಳುತ್ತಾ ನಿಂತಿದ್ದೆ.

"ಗಾಡಿ ತಿರುವು ಮೇಸ್ತ್ರಿ. ಆ ಹಳ್ಳದ ತನಕ ಇನ್ನೊಮ್ಮಿ ಹೋಗು" ಅಂದ ಅಪ್ಪ. ನಾನು ಹಿಂದೆ ಹತ್ತಿದೆ. ಅವನು ಹೆಗಲ ಮೇಲಿನ ವಲ್ಲಿ ತೆಗೆದು ಸೀಟಿನ ಬೆನ್ನ ಮೇಲೆ ಹೊದಿಸಿ, ಅದರ ಕೆಳಗಿಂದ ಕೈ ಹಿಂದಕ್ಕೆ ಚಾಚಿದ. "ಕೈ ಕೊಡು."

ಕೊಟ್ಟೆ. ನನ್ನ ನಾಲ್ಕು ಬೆರಳನ್ನೂ ಹಿಡಿದುಕೊಂಡ, ದರ ಕೇಳುವವನ ಹಾಗೆ. ಜೀಪು ನೆಗೆಯಿತು. ಬೇಡ ಬೇಡವೆಂದರೂ ನನ್ನ ಬೆರಳು ಅವನ ಕೈಯನ್ನು ಬಿಗಿಯಾಗಿ ಹಿಡಿಯಿತು. ಮತ್ತೆ ನೆಗೆಯಿತು, ಮತ್ತೆ ಹಿಡಿಯಿತು. ಮುಖದ ಮೇಲೆ ಏನನ್ನೂ ತೋರಿಸದಿರಲು ಅವನೇ ಕಲಿಸಿದ್ದ. ಬೆರಳಿನಲ್ಲಿ ಸುಳ್ಳು ಹೇಳಲು ಕಲಿಸಿರಲಿಲ್ಲ, ನಮ್ಮ ವ್ಯಾಪಾರದಲ್ಲಿ ಅದು ನಡೆಯುವುದಿಲ್ಲ. ಹಳ್ಳದವರೆಗೂ ಅಪ್ಪ ಹಾಗೆಯೇ, ಹೊಲ ನೋಡುತ್ತಾ, ನನ್ನ ಕೈ ಓದಿದ.

"ಮದ್ಲಿನ ಪಟ್ಟಿನ ಹಾಕು ಮೇಸ್ತ್ರಿ" ಅಂದ ಕೊನೆಗೆ. "ಇದು ಭಾಳ ಒರಟೈತಿ."

ಮೇಸ್ತ್ರಿ ಹೂಂ ಅಂದ. ಅಪ್ಪ ನನ್ನ ಕೈ ಬಿಡಲಿಲ್ಲ. ಆದೋನಿಯ ಗುಡ್ಡ ಕಾಣುವಾಗ ನಾನು ಅಳುತ್ತಿದ್ದೆ ಅನ್ನುವುದು, ಗಾಳಿಗೆ ಕೆನ್ನೆ ತಣ್ಣಗಾದ ಮೇಲೆ ನನಗೆ ತಿಳಿಯಿತು.

ಮರುದಿನವೇ ಬಳ್ಳಾರಿಯ ಡಾಕ್ಟರ ಹತ್ತಿರ ಹೋದೆವು. ಹೋದದ್ದು ಹೋಯಿತು, ಉಳಿದದ್ದನ್ನು ಕಾಪಾಡಿಕೊಳ್ಳಿ ಅಂದರು. ದೇವನಕೊಂಡದ ಕಡೆಯ ಹತ್ತಿಯನ್ನು ನಾವು ಬೇರೆಯವರಿಗೆ ಬಿಟ್ಟೆವು. ಜೀಪು ಹೋಗುವಷ್ಟು ಊರುಗಳಿಗೆ ಅಪ್ಪ ಹೋದ, ರಾಶಿಗೆ ಕೈ ಹಾಕಿದ, ಉಂಡ. ದಾರಿ ಕೆಟ್ಟಿದ್ದ ಕಡೆಯೆಲ್ಲ ಸೀಟಿನ ಬೆನ್ನಿಗೆ ವಲ್ಲಿ ಹೊದಿಸಿ ಕೈ ಹಿಂದಕ್ಕೆ ಚಾಚುತ್ತಿದ್ದ. ನನ್ನ ಬೆರಳು ಬಿಗಿದರೆ, "ಸಾವಕಾಶ" ಅನ್ನುತ್ತಿದ್ದ. ಅಗಸಿಯಲ್ಲಿ ನಿಂತವರು ಅದನ್ನು ನೋಡಿ, ಅಪ್ಪ ಮಗ ದಾರಿಯಲ್ಲೇ ದರ ಕಟ್ಟಿಕೊಂಡು ಬರುತ್ತಾರೆ ಎಂದು ಆಡಿಕೊಂಡರು. ನಾವು ಅಲ್ಲ ಅನ್ನಲಿಲ್ಲ.