ಬೆಳಂಬಾರದ ಮನೆಯಲ್ಲಿ ಒಬ್ಬರಿಗೇ ಬರುತ್ತಿದ್ದ ವಾಸನೆ

೨೦೦೪ರಲ್ಲಿ ನಾನು ಕಾರವಾರದ ಒಂದು ಅಡುಗೆ ಗ್ಯಾಸ್ ಏಜೆನ್ಸಿಯಲ್ಲಿ ಹಿರಿಯ ಮೆಕ್ಯಾನಿಕ್ ಆಗಿದ್ದೆ. ಅಂಕೋಲಾ ಕಡೆಯ ಹಳ್ಳಿಗಳ ಸುರಕ್ಷತಾ ತಪಾಸಣೆ ನನ್ನ ಪಾಲಿಗಿತ್ತು. ರಬ್ಬರ್ ಟ್ಯೂಬ್ ಬಿರುಕು ಬಿಟ್ಟಿದೆಯೇ, ರೆಗ್ಯುಲೇಟರ್ ಸರಿಯಾಗಿ ಕೂತಿದೆಯೇ ಎಂದು ನೋಡಿ, ಎಲ್ಲ ಜೋಡಣೆಗಳಿಗೂ ಸಾಬೂನು ನೀರು ಹಚ್ಚಿ ಕಾಯುವುದು ನಮ್ಮ ಕ್ರಮ. ಗುಳ್ಳೆ ಎದ್ದರೆ ಸೋರಿಕೆ, ಏಳದಿದ್ದರೆ ಇಲ್ಲ. ಹದಿನೇಳು ವರ್ಷಗಳ ಕೆಲಸದಲ್ಲಿ ಈ ಪರೀಕ್ಷೆ ನನಗೆ ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಮಾರ್ಚ್ ತಿಂಗಳಲ್ಲಿ ಬೆಳಂಬಾರದ ಬೊಮ್ಮಯ್ಯ ಎಂಬವರು ಫೋನ್ ಮಾಡಿದರು. ಅಂಕೋಲೆಯ ಶಾಲೆಯೊಂದರಲ್ಲಿ ಗುಮಾಸ್ತರು. ತಾಯಿ ದೇವಮ್ಮನವರು ದಿನವೂ ಗ್ಯಾಸ್ ವಾಸನೆ ಎನ್ನುತ್ತಾರೆ, ಒಮ್ಮೆ ನೋಡಿ ಹೋಗಿ ಎಂದರು. ನಾನು ತಲುಪುವಾಗ ಮಧ್ಯಾಹ್ನ. ಮನೆಯ ಬಾಗಿಲು ಕಿಟಕಿಗಳೆಲ್ಲ ತೆರೆದಿದ್ದವು, ಸಮುದ್ರದ ಗಾಳಿ ಒಳಗೆ ಬಂದು ಹಿತ್ತಲಿಗೆ ಹೋಗುತ್ತಿತ್ತು. ವಾಸನೆ ಇರಲಿಲ್ಲ, ಗುಳ್ಳೆಯೂ ಏಳಲಿಲ್ಲ. ಆದರೂ ಇರಲಿ ಎಂದು ಟ್ಯೂಬ್ ಬದಲಿಸಿದೆ. ಸಿಲಿಂಡರಿನ ವಾಲ್ವ್ ಬಾಯಿಯಲ್ಲಿ ಕೂರುವ ಓ-ರಿಂಗ್ ಎಂಬ ಸಣ್ಣ ರಬ್ಬರ್ ಬಳೆಯನ್ನೂ ಹೊಸದು ಹಾಕಿದೆ.

ಮೂರು ವಾರಕ್ಕೆ ಮತ್ತೆ ಅದೇ ದೂರು. ಮತ್ತೆ ಮಧ್ಯಾಹ್ನ ಹೋದೆ, ಮತ್ತೆ ಏನೂ ಸಿಗಲಿಲ್ಲ. ಅಡುಗೆ ಗ್ಯಾಸಿಗೆ ತನ್ನದೇ ವಾಸನೆ ಇರುವುದಿಲ್ಲ. ಸೋರಿದರೆ ಗೊತ್ತಾಗಲಿ ಎಂದೇ ಅದಕ್ಕೆ ಕೊಳೆತ ವಾಸನೆಯ ರಾಸಾಯನಿಕ ಬೆರೆಸಿರುತ್ತಾರೆ. ಹಾಗಾಗಿ ಅಂಗಳದಲ್ಲಿ ಹರಡಿದ್ದ ಒಣಮೀನು, ಬಚ್ಚಲ ಗಟಾರ, ಮಾಡಿನ ಸಂದಿಯ ಸತ್ತ ಇಲಿ ಎಲ್ಲದರ ಮೇಲೂ ನನಗೆ ಅನುಮಾನ ಹೋಯಿತು. ಒಂದೊಂದನ್ನೇ ನೋಡಿ ಬಿಟ್ಟೆ.

ಸೊಸೆ ಸುಮಿತ್ರಾ, ದಿನವಿಡೀ ಒಲೆಯ ಮುಂದೆ ನಿಲ್ಲುವ ತನಗೇ ವಾಸನೆ ಬಂದಿಲ್ಲ ಎಂದಳು. ಏಳುತ್ತಲೇ ದೇವರ ದೀಪ ಹಚ್ಚುತ್ತಿದ್ದ ಅತ್ತೆ ಈಗ ಬಾಗಿಲು ತೆರೆದು ಎಷ್ಟೋ ಹೊತ್ತಿನವರೆಗೆ ಕಡ್ಡಿ ಗೀರುವುದಿಲ್ಲ, ಬೇರೆಯವರಿಗೂ ಬಿಡುವುದಿಲ್ಲ ಎಂದೂ ಹೇಳಿದಳು. ಬೊಮ್ಮಯ್ಯ ದನಿ ತಗ್ಗಿಸಿ, ವಯಸ್ಸಾಯಿತಲ್ಲ, ತಲೆ ಸ್ವಲ್ಪ ಹಿಂದೆಮುಂದೆ ಆಗಿದೆ ಎಂದರು. ನಾನು ಹೌದೆಂಬಂತೆ ತಲೆಯಾಡಿಸಿದ್ದಲ್ಲದೆ, ಡಾಕ್ಟರಿಗೆ ತೋರಿಸುವುದು ಒಳ್ಳೆಯದು ಎಂದೂ ಹೇಳಿದೆ. ದೇವಮ್ಮ ಬಾಗಿಲ ಮರೆಯಲ್ಲೇ ಇದ್ದರು. ಎಲ್ಲ ಕೇಳಿಸಿಕೊಂಡಿದ್ದರು.

ನಾನು ಸ್ಕೂಟರ್ ತಿರುಗಿಸುವಾಗ ಅವರು ಹತ್ತಿರ ಬಂದರು.

"ತಮಾ, ನೀವು ಬರೂ ಹೊತ್ತಿಗೆ ಬಾಗ್ಲೆಲ್ಲ ತೆಗ್ದಿರ್ತದೆ. ಒಂದ್ಸಲ ಬೆಳಗಾ ಮುಂಚೆ ಬನ್ನಿ. ಆಮೇಲೆ ಬೇಕಾದ್ರೆ ನಂಗೆ ಹುಚ್ಚು ಹೇಳಿ."

ಕಾರವಾರದವರೆಗೂ ತಲೆಯಲ್ಲಿ ಅದೇ ಓಡುತ್ತಿತ್ತು. ಮೂವರಿಗೆ ಬಾರದ ವಾಸನೆ ಒಬ್ಬರಿಗೆ ಹೇಗೆ ಬರುತ್ತದೆ? ಅಥವಾ ವರ್ಷಗಟ್ಟಲೆ ಅದೇ ವಾಸನೆ ಕುಡಿದು ನನ್ನ ಮೂಗೇ ಮೊಂಡಾಗಿದೆಯೇ? ಮನೆಯಲ್ಲಿ ಊಟಕ್ಕೆ ಕೂತರೂ ಒಂದೊಂದನ್ನೇ ಮೂಸಿ ನೋಡುತ್ತಿದ್ದೆ. ಯಾರನ್ನು ನಂಬಬೇಕೋ ತಿಳಿಯಲಿಲ್ಲ.

ಮರುವಾರ ಅಂಕೋಲೆಯ ಅಕ್ಕನ ಮನೆಯಲ್ಲಿ ಉಳಿದು, ಬೆಳಿಗ್ಗೆ ಆರೂವರೆಗೆ ಬೆಳಂಬಾರ ತಲುಪಿದೆ. ಕಿಟಕಿಗಳು ಇನ್ನೂ ಮುಚ್ಚಿದ್ದವು. ದೇವಮ್ಮ ಅಡುಗೆಮನೆಯ ನೆಲದ ಮೇಲೆ ಕೂತು ಬಸಳೆ ಬಿಡಿಸುತ್ತಿದ್ದರು. ನಿಂತು ಮೂಸಿದೆ, ಏನೂ ಇಲ್ಲ. ಅವರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ. ವಾಸನೆ ಬಂತು. ಎದ್ದೆ, ಹೋಯಿತು. ಕೂತೆ, ಬಂತು.

ಈ ಗ್ಯಾಸ್ ಗಾಳಿಗಿಂತ ಭಾರ, ನೆಲಕ್ಕಂಟಿ ಹರಿಯುತ್ತದೆ. ಇದನ್ನು ನಾನೇ ನೂರಾರು ಮನೆಗಳಲ್ಲಿ ಹೇಳಿದ್ದೆ. ಆ ಮನೆಯಲ್ಲಿ ನೆಲದ ಮೇಲೆ ಕೂತು ಕೆಲಸ ಮಾಡುವವರು ದೇವಮ್ಮ ಒಬ್ಬರೇ.

ಆದರೆ ಗೊಂದಲ ಅಲ್ಲಿಗೂ ಮುಗಿಯಲಿಲ್ಲ. ಸಾಬೂನು ನೀರು ಹಚ್ಚಿದರೆ ಗುಳ್ಳೆ ಇಲ್ಲ. ರೆಗ್ಯುಲೇಟರನ್ನೇ ಕಳಚಿ, ಸಿಲಿಂಡರಿಗೆ ಮುಚ್ಚಳ ಬಿಗಿದು ಅಂಗಳಕ್ಕೆ ಒಯ್ದಿಟ್ಟೆ. ಸಿಲಿಂಡರೇ ಇಲ್ಲದ ಅಡುಗೆಮನೆಯಲ್ಲಿ ವಾಸನೆ ಹಾಗೆಯೇ ಇತ್ತು. ಅಂಥದ್ದನ್ನು ನಾನು ಕಂಡಿರಲಿಲ್ಲ. ಕೊನೆಗೆ ಮೊಣಕಾಲೂರಿ ನೆಲ ಮೂಸುತ್ತ ಸರಿದೆ. ಪಕ್ಕದ ಭತ್ತದ ಕೋಣೆಯ ಹೊಸ್ತಿಲ ಬಳಿ ವಾಸನೆ ಜೋರಾಯಿತು. ಬಾಗಿಲಿಗೆ ಬೀಗವಿತ್ತು.

ಬೊಮ್ಮಯ್ಯ, ಒಳಗೆ ಭತ್ತದ ಚೀಲಗಳು ಮಾತ್ರ ಇವೆ, ಬೀಗದ ಕೈ ಸಿಗುತ್ತಿಲ್ಲ ಎಂದರು. ಹಾಗಾದರೆ ಬೀಗ ಒಡೆಯಬೇಕು, ಈಗಲೇ ಎಲ್ಲರೂ ಹೊರಗೆ ಹೋಗಬೇಕು ಎಂದೆ. ಅವರು ಅಂಗಿಯ ಕಿಸೆಯಿಂದ ಬೀಗದ ಕೈ ತೆಗೆದರು. ಬಾಗಿಲು ತೆರೆದಾಗ ಒಳಗೆ ಕತ್ತಲೆ. ಅಭ್ಯಾಸದಂತೆ ಅವರ ಕೈ ಲೈಟಿನ ಸ್ವಿಚ್ಚಿಗೆ ಹೋಯಿತು. ನಾನು ಮಣಿಕಟ್ಟು ಹಿಡಿದೆ.

"ಮುಟ್ಟಬೇಡಿ."

ಸ್ವಿಚ್ ಒತ್ತಿದಾಗ ಒಳಗೆ ಹಾರುವ ಸಣ್ಣ ಕಿಡಿ ಸಾಕಾಗುತ್ತಿತ್ತು.

ಚೀಲಗಳ ಹಿಂದೆ ಇನ್ನೊಂದು ಸಿಲಿಂಡರ್ ಇತ್ತು. ವಾಲ್ವ್ ಮೇಲೆ ಮುಚ್ಚಳ ಇರಲಿಲ್ಲ, ಒಳಗಿನ ಪಿನ್ನು ಸರಿಯಾಗಿ ಕೂರದೆ ಸಣ್ಣಗೆ ಸೋರುತ್ತಿತ್ತು. ನನ್ನ ಚೀಲದಲ್ಲಿದ್ದ ಮುಚ್ಚಳವೊಂದನ್ನು ವಾಲ್ವಿಗೆ ಬಿಗಿದು, ಇಬ್ಬರೂ ಅದನ್ನು ಎತ್ತಿಕೊಂಡು ತೆಂಗಿನ ತೋಟದ ಬಯಲಿಗೆ ಒಯ್ದೆವು.

ಮಲ್ಲಾಪುರದಲ್ಲಿ ಅಂಗಡಿ ಇಟ್ಟಿದ್ದ ಅವರ ಭಾವ ಊರು ಬಿಡುವಾಗ ಕೊಟ್ಟುಹೋದ ಸಿಲಿಂಡರ್ ಅದು. ಇನ್ನೊಬ್ಬರ ಹೆಸರಿನದನ್ನು ಇಟ್ಟುಕೊಳ್ಳುವುದು ತಪ್ಪೆಂದು ಬೊಮ್ಮಯ್ಯನವರಿಗೆ ಗೊತ್ತಿತ್ತು. ನಾನು ಕಂಡರೆ ತಮ್ಮ ಕನೆಕ್ಷನ್ನೂ ಹೋದೀತು ಎಂದು ಹೆದರಿ ಮನೆಯವರಿಗೂ ಹೇಳದೆ ಅಡಗಿಸಿದ್ದರು.

"ಅದ್ನ ಒಲೆಗೇ ಕೂಡ್ಸಲಿಲ್ಲ ಸರ್. ಸೋರ್ತದೆ ಹೇಳಿ ನಂಗೆ ಹ್ಯಾಂಗೆ ಗೊತ್ತಾಗ್ಬೇಕು?" ಎಂದರು.

ಅದು ನಿಜವೇ ಇರಬಹುದು. ಆದರೆ ತಾಯಿಯ ತಲೆ ಸರಿಯಿಲ್ಲ ಎಂದು ನನ್ನೆದುರು ಹೇಳುವಾಗ ಆ ಕೋಣೆಯ ನೆನಪು ಅವರಿಗೆ ಬಂದಿತ್ತೋ ಇಲ್ಲವೋ, ಇಂದಿಗೂ ನನಗೆ ತಿಳಿಯದು. ಅವರು ಜಗಲಿಯ ಮೇಲೆ ತಲೆ ತಗ್ಗಿಸಿ ಕೂತುಬಿಟ್ಟರು. ಸುಮಿತ್ರಾ ಅತ್ತೆಯ ಕೈ ಹಿಡಿದು ಅಳುತ್ತಿದ್ದಳು. ಬೆಳಗಿನ ಹೊತ್ತು ಕಡ್ಡಿ ಗೀರಬೇಡಿ ಎಂದು ವಾರಗಟ್ಟಲೆ ಹಟ ಹಿಡಿದ ಆ ಹೆಂಗಸಿನಿಂದಲೇ ಮನೆ ಉಳಿದಿತ್ತು.

ಡಾಕ್ಟರಿಗೆ ತೋರಿಸಿ ಎಂದದ್ದಕ್ಕೆ ನಾನು ಕ್ಷಮೆ ಕೇಳಿದೆ. ದೇವಮ್ಮ ಸಿಟ್ಟು ಮಾಡಲಿಲ್ಲ.

"ವಾಸ್ನಿ ಬಂದದ್ದು ನಂಗೆ, ತಮಾ. ನೀವು ಎರಡು ಸಲ ಬಂದ್ರಿ, ಎರಡು ಸಲವೂ ಮಗನ್ನ ಕೇಳಿದ್ರಿ," ಎಂದರು.

ಕನೆಕ್ಷನ್ ಯಾರ ಹೆಸರಿನಲ್ಲಿದೆಯೋ ಅವರೊಡನೆ ಮಾತಾಡುವುದೇ ನಮ್ಮ ರೂಢಿಯಾಗಿತ್ತು. ಅಂದಿನಿಂದ ನಿವೃತ್ತನಾಗುವವರೆಗೆ ಯಾವ ಮನೆಗೆ ಹೋದರೂ ಚೀಲ ಬಿಚ್ಚುವ ಮೊದಲು, ವಾಸನೆ ಬಂದದ್ದು ಯಾರಿಗೆ ಎಂದು ವಿಚಾರಿಸಿದೆ. ಅದು ಅಜ್ಜಿಯಾಗಿರಲಿ, ತೆವಳುವ ಮಗುವಿನ ತಾಯಿಯಾಗಿರಲಿ, ಅವರು ಕೂರುವ ಜಾಗದಲ್ಲಿ, ಅವರು ಹೇಳಿದ ಹೊತ್ತಿಗೆ, ಮೊದಲು ನಾನೂ ಕೂತು ನೋಡಿದೆ.