ಚಪ್ಪಾಳೆ ನಿಲ್ಲಿಸಿದವಳು ನಾನು

ಟಪ್, ಟಪ್. ಸ್ವಲ್ಪ ತಡೆದು, ಟಪ್, ಟಪ್, ಟಪ್. ಕುವೈತಿನ ಫರ್ವಾನಿಯಾದಲ್ಲಿದ್ದ ನಮ್ಮ ಫ್ಲ್ಯಾಟಿನ ಅಡುಗೆಮನೆ ಗೋಡೆಯಾಚೆಯಿಂದ ಕೇಳುತ್ತಿದ್ದ ಆ ಪುಟ್ಟ ಕೈಗಳ ಚಪ್ಪಾಳೆ ಈಗಲೂ ಕಿವಿಯಲ್ಲಿದೆ. ಪಕ್ಕದ ಮನೆಯಾಕೆ ಕೊಲಂಬಿಯಾದವಳು, ನನ್ನ ಮಗಳು ಕೆಲಸ ಮಾಡುವ ಕ್ಲಿನಿಕ್ಕಿನಲ್ಲೇ ನರ್ಸ್. ತನ್ನ ಆರು ವರ್ಷದ ಮಗಳಿಗೆ ಸ್ಪ್ಯಾನಿಷ್ ಓದಲು ಕಲಿಸುತ್ತಿದ್ದಳು. ಬೇಸಿಗೆಗೆ ಮಗುವನ್ನು ಊರಿಗೆ, ಅಜ್ಜಿಯ ಹತ್ತಿರ ಬಿಡುವುದಿತ್ತು. ಅಲ್ಲಿನ ಶಾಲೆಯವರು ವೀಡಿಯೊ ಕಾಲ್‌ನಲ್ಲಿ ಓದಿಸಿ ನೋಡುತ್ತಾರಂತೆ. ಓದಿದರೆ ಎರಡನೇ ಕ್ಲಾಸು, ಇಲ್ಲದಿದ್ದರೆ ಮತ್ತೆ ಒಂದನೆಯದು.

ಅವಳಿಗೆ ಮಧ್ಯಾಹ್ನದ ಡ್ಯೂಟಿ ಬಿದ್ದಾಗ ಮಗು ನನ್ನ ಪಾಲಿಗೆ ಬಂತು. "ಆಂಟಿ, ಜಸ್ಟ್ ಸಿಟ್ ವಿತ್ ಹರ್. ಶಿ ಕ್ಲ್ಯಾಪ್ಸ್, ದೆನ್ ಶಿ ರೀಡ್ಸ್," ಎಂದು ನೋಟ್‌ಬುಕ್ ಕೊಟ್ಟಳು. ಕಾ-ಸಾ ಎಂದರೆ ಮನೆ, ಎರಡು ಚಪ್ಪಾಳೆ. ಪೆ-ಲೋ-ತಾ ಎಂದರೆ ಚೆಂಡು, ಮೂರು. ಮೊದಲು ಪದವನ್ನು ಕೈಯಲ್ಲಿ ಬಿಡಿಸಿಕೊಂಡು, ಆಮೇಲೆ ಬೆರಳಿಟ್ಟು ಓದುವುದು.

ನಾನು ಕಾನ್ವೆಂಟಿನಲ್ಲಿ ಓದಿದವಳು. ಓದುವಾಗ ತುಟಿ ಅಲ್ಲಾಡಿದರೂ ನಮ್ಮ ಸಿಸ್ಟರ್ ಸ್ಕೇಲಿನಿಂದ ಡೆಸ್ಕ್ ಕುಟ್ಟುತ್ತಿದ್ದರು. ಪುಟದಲ್ಲಿ ಇಂಗ್ಲಿಷ್ ಅಕ್ಷರ ಕಂಡದ್ದೇ ತಡ, ನನ್ನ ಬಾಯಿಂದಲೂ ಅದೇ ಬಂತು: "ನೋ ನಾಯ್ಸ್, ಬೇಬಿ. ಹ್ಯಾಂಡ್ಸ್ ಡೌನ್." ಮಗು ಎರಡೂ ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಕೂತಿತು. ಎಂಥ ವೆಲ್-ಬಿಹೇವ್ಡ್ ಮಗು ಎಂದುಕೊಂಡೆ. ಎರಡು ವಾರದೊಳಗೆ ಅದು ಓದುವುದನ್ನು ಬಿಟ್ಟು, ಪದದ ಪಕ್ಕದ ಚಿತ್ರ ನೋಡಿ ಊಹಿಸತೊಡಗಿತ್ತು.

ರಜೆಯ ದಿನ ನನ್ನ ಮಗಳು ಇದನ್ನು ನೋಡಿದಳು. "ಏನಮ್ಮಾ ಇದು? ನಂಗೆ ಕಾಗುಣಿತ ಹೇಳ್ಕೊಡುವಾಗ ನೀನೇ ತಾಳ ಹಾಕಿಸ್ತಿದ್ದೆ."

"ಅದು ಕನ್ನಡ ಕಣೆ. ಇದು ಎಬಿಸಿಡಿ."

"ಎಬಿಸಿಡಿ ಇದ್ರೆ ಇಂಗ್ಲಿಷ್ ಆಗ್ಬಿಡುತ್ತಾ? ನಿಮ್ಮ ಸಿಸ್ಟರ್ ಸ್ಕೇಲ್ ಹಿಡ್ಕೊಂಡು ಕುವೈತ್‌ಗೂ ಬಂದ್ರಾ?"

ನಗು ಬರಲಿಲ್ಲ. ಮರುದಿನ ಮಗುವಿಗೆ, "ಕ್ಲ್ಯಾಪ್ ಮಾಡು ಪುಟ್ಟಾ, ಪ್ಲೀಸ್," ಎಂದೆ. ಅದು ಇಲ್ಲವೆಂದು ತಲೆಯಾಡಿಸಿ, "ನೋ ನಾಯ್ಸ್, ಆಂಟಿ," ಎಂದಿತು. ಆ ವಾರವೇ ವೀಡಿಯೊ ಕಾಲ್ ಮುಗಿಯಿತು. ಒಂದನೇ ಕ್ಲಾಸು. ತಾಯಿ ಬಂದು, "ಥ್ಯಾಂಕ್ಯೂ ಫಾರ್ ಯುವರ್ ಟೈಮ್, ಆಂಟಿ," ಎಂದು ನೋಟ್‌ಬುಕ್ ವಾಪಸ್ ಒಯ್ದಳು. ನಡೆದದ್ದನ್ನು ಹೇಳುವ ಧೈರ್ಯ ನನಗೆ ಬರಲಿಲ್ಲ.

ಅವರು ಏರ್‌ಪೋರ್ಟಿಗೆ ಹೊರಟ ಬೆಳಿಗ್ಗೆ ಲಿಫ್ಟಿನ ಮುಂದೆ ನಿಂತಿದ್ದೆ. ಮಗು ಸೂಟ್‌ಕೇಸಿಗೆ ಒರಗಿತ್ತು. ನಾನು ಮೆಲ್ಲಗೆ ಕಾ-ಸಾ ಎಂದು ಎರಡು ಚಪ್ಪಾಳೆ ತಟ್ಟಿದೆ. ಅದು ಒಮ್ಮೆ ನನ್ನನ್ನೂ ಒಮ್ಮೆ ತಾಯಿಯನ್ನೂ ನೋಡಿ, ಎರಡೂ ಕೈಗಳನ್ನು ಜಾಕೆಟ್ಟಿನ ಜೇಬಿಗೆ ಸೇರಿಸಿಕೊಂಡಿತು. ಲಿಫ್ಟಿನ ಬಾಗಿಲು ಮುಚ್ಚಿತು.