ಕೆಂಪು ನೀರು ಕುಡಿದವಳು

1930ರ ದಶಕದ ನಡುವಿನ ಮಾತು. ನಾನಾಗ ಮಂಡ್ಯದಲ್ಲಿ ಹೆಲ್ತ್ ಇನ್ಸ್‌ಪೆಕ್ಟರ್. ಮನೆಯಲ್ಲಿ ನಾನು, ಹೆಂಡತಿ ಸಾವಿತ್ರಿ, ಮಡಿಯ ವಿಷಯದಲ್ಲಿ ಬಲು ಬಿಗಿಯಾದ ನನ್ನ ಅಮ್ಮ. ಕೆಲಸ ನನಗೆ ಚೆನ್ನಾಗಿ ಬರುತ್ತಿತ್ತು. ಅದನ್ನು ಜಂಬವೆಂದು ಈಗಲೂ ಒಪ್ಪುವುದಿಲ್ಲ, ಆದರೆ ಆ ವರ್ಷ ಮಾಡಿದ ತಪ್ಪನ್ನು ಒಪ್ಪುತ್ತೇನೆ.

ಮಂಡ್ಯದ ಪಕ್ಕದ ಹೊಳಲು ಊರು ದಾಟಿದರೆ ಸಿಗುವ ಒಂದು ಸಣ್ಣ ಹಳ್ಳಿಗೆ ಕಾಲರಾ ಬಂತು. ಅದು ನೀರಿನಿಂದ ಹರಡುವ ರೋಗ. ಬಾವಿಗೆ ಪೊಟ್ಯಾಸಿಯಂ ಪರ್ಮಾಂಗನೇಟ್ ಪುಡಿ ಹಾಕುವುದು ಆಗಿನ ಕ್ರಮ. ಹಾಕಿದೊಡನೆ ನೀರು ಕೆಂಪಾಗುತ್ತದೆ, ಆಮೇಲೆ ತಿಳಿಯಾಗುತ್ತದೆ. ಇದನ್ನೆಲ್ಲ ಊರ ಗಂಡಸರನ್ನು ಕೂರಿಸಿಕೊಂಡು ವಿವರಿಸಿ, ರಾತ್ರಿ ಬಾವಿಗೆ ಪುಡಿ ಹಾಕಿಸಿದೆ. ನೀರು ಸೇದುವ ಹೆಂಗಸರಿಗೆ ಒಂದು ಮಾತೂ ಹೇಳಲಿಲ್ಲ. ಗಂಡಸರು ಮನೆಯಲ್ಲಿ ಹೇಳುತ್ತಾರೆಂದುಕೊಂಡೆ. ಒಬ್ಬನೂ ಹೇಳಿರಲಿಲ್ಲ.

ಬೆಳಿಗ್ಗೆ ಹೆಂಗಸರು ಸೇದಿದ ನೀರು ಕೆಂಪಗಿದ್ದುದನ್ನು ಕಂಡು ಚೆಲ್ಲಿ ಕಾಲುವೆಯ ಕಡೆ ಹೊರಟರು. ರೋಗಿಗಳ ಬಟ್ಟೆ ಒಗೆಯುತ್ತಿದ್ದುದು ಅದೇ ಕಾಲುವೆಯಲ್ಲಿ. ಓಡಿಹೋಗಿ ಅಡ್ಡ ನಿಂತೆ. ಅವರಲ್ಲಿ ಹಿರಿಯಳಾದ ನಿಂಗಮ್ಮ ಬಿಂದಿಗೆ ಇಳಿಸಲೇ ಇಲ್ಲ.

"ಬಾವೀಗೆ ಏನೋ ಬಲಿ ಕೊಟ್ಟವ್ರೆ ಕಣಪ್ಪ. ಆ ನೀರ್ನ ಮಕ್ಳಿಗೆ ಕುಡ್ಸಾಕಿಲ್ಲ."

ನಾನೇ ಕುಡಿದು ತೋರಿಸಿದೆ.

"ಅದು ನಿಮ್ ಕೆಲ್ಸ, ಬುಡಿ. ನಿಮ್ಮನೆ ಎಂಗುಸ್ರು ಕುಡುದಾರಾ?"

ಮನೆಗೆ ಬಂದು ಸಾವಿತ್ರಿಗೆ ಹೇಳಿದೆ. "ಅವರು ಕೇಳಿದ್ದು ಸರಿಯಾಗೇ ಇದೆ. ಗಾಡಿ ಕಟ್ಟಿಸಿ, ಬರ್ತೀನಿ" ಎಂದಳು. ಅಮ್ಮ ಬಾಗಿಲಿಗೆ ಬಂದರು. "ಕಂಡವರ ಬಿಂದಿಗೆ ನೀರು ಕುಡಿದು ಬಂದರೆ ಇವಳಿಗೆ ನನ್ನ ಅಡುಗೆಮನೆ ಇಲ್ಲ." ನಾನು ಬಾಯಿ ಬಿಡಲಿಲ್ಲ. ಸಾವಿತ್ರಿ ಗಾಡಿ ಹತ್ತಿದಳು.

ಬಾವಿಕಟ್ಟೆಯಲ್ಲಿ ನಿಂಗಮ್ಮನ ಬಿಂದಿಗೆಗೇ ಬೊಗಸೆಯೊಡ್ಡಿ ಕುಡಿದಳು. "ಸ್ವಲ್ಪ ಒಗರು, ಅಷ್ಟೆ. ಮಕ್ಕಳಿಗೂ ಕೊಡಿ" ಎಂದಳು. ನಿಂಗಮ್ಮ ಅವಳ ಮುಖವನ್ನೇ ನೋಡಿ, "ಅಯ್ನೋರ ಮನೆ ಎಣ್ಮಗ್ಳೇ ಕುಡುದ್ಮೇಲೆ ನಮ್ದೇನವ್ವ" ಎಂದು ಹಗ್ಗ ಇಳಿಬಿಟ್ಟಳು. ಸಂಜೆಯ ಹೊತ್ತಿಗೆ ಕಾಲುವೆಯ ಕಡೆ ಯಾರೂ ಹೋಗುತ್ತಿರಲಿಲ್ಲ. ರೋಗ ಹೊಸ ಮನೆ ಹೊಗಲಿಲ್ಲ.

ಅಮ್ಮ ಆಡಿದಂತೆಯೇ ನಡೆದುಕೊಂಡರು. ಎಂಟು ದಿನ ಸಾವಿತ್ರಿಯ ಎಲೆ ಹಿತ್ತಿಲ ಜಗಲಿಯ ಮೇಲೆ. ಕಾಲರಾಕ್ಕೆ ಹೆದರದ ನಾನು ಅಮ್ಮನಿಗೆ ಹೆದರಿ ಒಳಗೆ ಕೂತು ಉಂಡೆ. ಒಂಬತ್ತನೆಯ ದಿನ ಮೇಲಧಿಕಾರಿಗಳಿಂದ ನನಗೆ ಮೆಚ್ಚುಗೆಯ ಪತ್ರ ಬಂತು. ಅಮ್ಮ ಹಿಗ್ಗಿ ಪಾಯಸ ಮಾಡಿದರು. ನಾನು ಜಗಲಿಗೆ ಎಲೆ ಎತ್ತಿಕೊಂಡು ಹೋಗಿ ಸಾವಿತ್ರಿಯ ಪಕ್ಕದಲ್ಲಿ ಕೂತೆ.

"ಅಮ್ಮಾ, ಆ ಪತ್ರ ಇವಳಿಗೆ ಬರಬೇಕಾದದ್ದು" ಎಂದೆ. ಆಮೇಲೆ ಅಮ್ಮನಿಗೆ ಕೇಳಿಸುವಂತೆಯೇ ಹೇಳಿದೆ: "ಸಾವಿತ್ರಿ, ತಪ್ಪು ಮಾಡಿದವನು ನಾನು, ಊರನ್ನು ಉಳಿಸಿದವಳು ನೀನು. ನಿನ್ನನ್ನು ಕಂಡರೆ ನನಗೆ ಪ್ರಾಣ."

ಅವಳು ತಲೆ ಎತ್ತದೆ, "ಇಷ್ಟು ಹೇಳೋಕೆ ಎಂಟು ದಿನ ಬೇಕಾಯ್ತೇ?" ಎಂದಳು. ಕಣ್ಣು ತುಂಬಿತ್ತು. ಅಮ್ಮ ಒಳಗಿನಿಂದ ಪಾಯಸದ ಪಾತ್ರೆ ತಂದು ಮೊದಲು ಅವಳ ಎಲೆಗೆ ಬಡಿಸಿದರು.

ಅಂದಿನಿಂದ ನಿವೃತ್ತಿಯವರೆಗೂ ಹೆಂಗಸರಿಗೆ ತಿಳಿಸದೆ ಯಾವ ಬಾವಿಗೂ ಪುಡಿ ಹಾಕಲಿಲ್ಲ. ಅಷ್ಟನ್ನು ನೌಕರಿ ಕಲಿಸಿತು. ಉಳಿದದ್ದನ್ನು ಆ ಜಗಲಿ ಕಲಿಸಿತು: ಎಂಟು ದಿನ ಅವಳನ್ನು ಹೊರಗೆ ಕೂರಿಸಿದವರು ಅಮ್ಮ ಒಬ್ಬರೇ ಅಲ್ಲ, ಬಾಯಿ ಮುಚ್ಚಿಕೊಂಡಿದ್ದ ನಾನೂ ಕೂಡ.